ಯಂತ್ರದ ಮೇಲಿನ ಕೆಂಪು ದೀಪ

“ಮಗು ಅತ್ತರೆ ತಾಯಿ ಯಂತ್ರ ನಿಲ್ಲಿಸಿ ಎದ್ದು ಹೋಗಲಿ. ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ. ಇದು ನನ್ನ ಮಾತು.” ಬಟ್ಟೆ ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ತೆರೆದ ದಿನ ಯಜಮಾನರು ಹೀಗೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ಅಂದು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ ಆಯಾ ಇಂದಿಗೂ ಅದೇ ಕೋಣೆಯಲ್ಲಿದ್ದಾರೆ. ಎಲ್ಲರ ಬಾಯಲ್ಲೂ ಅವರು ದೊಡ್ಡಮ್ಮ.

ಬೆಳಕು ಹರಿಯುವ ಮುನ್ನವೇ ಅವರು ಬೀಗ ತೆಗೆದು, ನೆಲ ಒರೆಸಿ, ಪುಟ್ಟ ಹಾಸಿಗೆಗಳನ್ನು ಬಿಡಿಸುತ್ತಾರೆ. ಆಮೇಲೆ ಅಂಗೈಗಳನ್ನು ಉಜ್ಜಿ ಉಜ್ಜಿ ಬಿಸಿ ಮಾಡಿಕೊಳ್ಳುತ್ತಾರೆ. “ತಣ್ಣನೆ ಕೈಲಿ ಎತ್ಕೊಂಡ್ರೆ ದಿನವೆಲ್ಲಾ ಮುನಿಸು ಇವಕ್ಕೆ,” ಎನ್ನುತ್ತಾರೆ. ತಾಯಂದಿರು ಓಡೋಡಿ ಬಂದು ಮಕ್ಕಳನ್ನು ಕೊಟ್ಟು, ಹಿಂತಿರುಗಿ ನೋಡುತ್ತಲೇ ಮೆಟ್ಟಿಲೇರುತ್ತಾರೆ.

“ಏನೇ ಜಿಪುಣಿ, ಇಷ್ಟು ದಿನಕ್ಕೆ ಒಂದೇ ಹಲ್ಲಾ?” ದೊಡ್ಡಮ್ಮ ಕೇಳಿ ಕಾಯುತ್ತಾರೆ. ಮಗು “ಗಾ” ಎನ್ನುತ್ತದೆ. “ಹೌದಾ? ಆಮೇಲೆ?” ಮಾತು ಬಾರದ ಕೂಸಿನ ಜೊತೆ ಹೀಗೆ ಗಂಟೆಗಟ್ಟಲೆ ಹರಟೆ.

ತಮ್ಮ ಮಗಳ ಜೊತೆ ಈ ಹರಟೆಗೆ ಪುರುಸೊತ್ತು ಸಿಗಲಿಲ್ಲ. ಮಕ್ಕಳ ಕೋಣೆ ಇನ್ನೂ ಇಲ್ಲದ ಆ ದಿನಗಳಲ್ಲಿ ಅವರು ಮೇಲಿನ ಮಹಡಿಯಲ್ಲಿ ಕಾಲರ್ ಹೊಲಿಯುತ್ತಿದ್ದರು, ಮಗು ಪಕ್ಕದ ಮನೆಯಲ್ಲಿತ್ತು. “ಮೊದಲ ಸಲ ‘ಅಮ್ಮಾ’ ಅಂದಿದ್ದು ಆ ಮನೆಯಾಕೆಗೆ. ನಾನು ಕಾಲರ್ ತಿರುಗಿಸ್ತಿದ್ದೆ.”

ಕೋಣೆಯ ಗೋಡೆಯಲ್ಲಿ ಗುಂಡಿಗಳ ಸಾಲಿದೆ. ಒಂದನ್ನು ಒತ್ತಿದರೆ ಮೇಲೆ ಆ ತಾಯಿಯ ಯಂತ್ರದ ಮೇಲೆ ಕೆಂಪು ದೀಪ ಹತ್ತಬೇಕು, ಅವಳು ಬಂದು ಹಾಲೂಡಿಸಬೇಕು. ಹೊಸ ಸೂಪರ್‌ವೈಸರ್ ಬಂದ ತಿಂಗಳಲ್ಲೇ ತಂತಿ ಕಿತ್ತರು. ಕೆಲಸ ನಿಲ್ಲುತ್ತದಂತೆ. ಇನ್ನೊಬ್ಬ ಆಯಾಳನ್ನೂ ಮನೆಗೆ ಕಳಿಸಿ, ಗೋಡೆಯಗಲದ ಟಿವಿ ತಂದು ಹಾಕಿದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಈಗ ಹದಿನಾಲ್ಕು ಕೂಸುಗಳಿಗೆ ಎರಡೇ ತೋಳು. ನೋಡಲು ಬಂದ ಅತಿಥಿಗಳು ಮಾತ್ರ “ಎಷ್ಟು ಶಾಂತವಾಗಿದೆ” ಎಂದು ಹೊಗಳಿ ಹೋಗುತ್ತಾರೆ.

ದೊಡ್ಡಮ್ಮನ ದನಿ ಗಡುಸಾಗುತ್ತದೆ. “ಶಾಂತಿಯಂತೆ ಶಾಂತಿ. ಅತ್ತೂ ಅತ್ತೂ, ಇನ್ನು ಯಾರೂ ಬರಲ್ಲ ಅಂತ ಸುಮ್ಮನಾಗಿರೋ ಮಕ್ಕಳು ಅವು.”

ಅಂಗಿಗಳಿಗೆ ಕಾಜಾ ಹಾಕುವ ಹುಡುಗಿಯ ಐದು ತಿಂಗಳ ಮಗಳು ಬಾಟಲಿ ಮುಟ್ಟುವುದಿಲ್ಲ. ಮೊನ್ನೆ ಬೆಳಗಿನಿಂದ ಅತ್ತ ಆ ಕೂಸು ಮಧ್ಯಾಹ್ನದ ಹೊತ್ತಿಗೆ ಗೋಡೆ ನೋಡುತ್ತಾ ಮಲಗಿಬಿಟ್ಟಿತು. ಉಳಿದ ಮಕ್ಕಳನ್ನು ನೋಡಿಕೊಳ್ಳಲು ದೊಡ್ಡಮ್ಮ ಗೇಟಿನ ಕಾವಲುಗಾರನನ್ನು ಕರೆದು ಬಾಗಿಲಲ್ಲಿ ಕೂರಿಸಿದರು.

“ಕಳ್ಳರನ್ನಾದ್ರೆ ಹಿಡೀತೀನಿ ದೊಡ್ಡಮ್ಮಾ, ಇವರನ್ನ ಹೇಗೆ ಹಿಡೀಲಿ?”

“ಬೀಡಿ ಹಿಡಿದಷ್ಟು ಹುಷಾರಾಗಿ ಹಿಡ್ಕೋ, ಸಾಕು.”

ಕೂಸನ್ನು ಹೆಗಲಿಗೇರಿಸಿ ಮೇಲೆ ಹೋದವರು, ಯಂತ್ರಗಳ ಸಾಲು ದಾಟಿ, ಅದನ್ನು ತಾಯಿಯ ಮಡಿಲಲ್ಲೇ ಇಟ್ಟರು. “ಕುಡಿಸು ಮಗಳೇ. ಯಾರು ಏನಂತಾರೋ ನಾನು ನೋಡ್ಕೋತೀನಿ.”

“ಇದೇನು ಸಂತೇನಾ?” ಸೂಪರ್‌ವೈಸರ್ ಬಂದರು.

“ಸಂತೇಲಾದ್ರೂ ಮಕ್ಕಳಿಗೆ ಹಾಲು ಸಿಗುತ್ತೆ ಸರ್. ಯಜಮಾನರು ಮಾತು ಕೊಟ್ಟಿದ್ದಾರೆ.”

“ಹಾಗಾದ್ರೆ ಅವರನ್ನೇ ಕೇಳ್ಕೋ.”

ಸಂಜೆ ದೊಡ್ಡಮ್ಮ ಹೋಗಿ ಕೇಳಿಯೇಬಿಟ್ಟರು. ಯಜಮಾನರು ಕನ್ನಡಕ ತೆಗೆದು ಒರೆಸಿದರು. “ಆಗಿನ ಕಾಲ ಬೇರೆ ಕಣಮ್ಮ. ಇನ್ನೊಂದು ಸಲ ಮಗು ಮೇಲೆ ತಂದ್ರೆ ನೀನು ಬರೋದೇ ಬೇಡ.”

ಮರುದಿನವೂ ಅವರು ಮಗುವನ್ನು ಮೇಲಕ್ಕೊಯ್ದರು. ಇಂದೂ ಒಯ್ದಿದ್ದಾರೆ. ಇಳಿದು ಬರುವಷ್ಟರಲ್ಲಿ, ಲೆಕ್ಕ ಚುಕ್ತಾ ಮಾಡಿಕೊಂಡು ಹೋಗಲು ಕಚೇರಿಯಿಂದ ಕರೆ ಬಂದಿದೆ.

“ಕೆಲಸದಿಂದ ತೆಗೀಲಿ ಬಿಡಿ. ಮಗು ಹೊಟ್ಟೆ ತುಂಬಾ ಕುಡೀತು,” ಎನ್ನುತ್ತಾ ಅವರು ಸೆರಗಿನಿಂದ ಕೂಸಿನ ಬಾಯಿ ಒರೆಸುತ್ತಾರೆ. “ನಾಳೆ ಬರೋಳು ಯಾರಾದ್ರೂ ಇವಳ ಮಾತಿಗೆ ‘ಆಮೇಲೆ?’ ಅಂತ ಕೇಳಿದ್ರೆ ನನಗೆ ಅಷ್ಟೇ ಸಾಕು.”

ಯಜಮಾನರು ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.