ಸಬಲೀಕರಣಕ್ಕೆ ಮುತ್ತೈದೆಯರೇ ಬೇಕಂತೆ

ಚಿಮ್ಮಡದಲ್ಲಿ ನಾನು ಅಂಗನವಾಡಿ ನಡೆಸುತ್ತಿದ್ದ ವರ್ಷಗಳಲ್ಲಿ ಹೆಂಗಸರ ಉದ್ಧಾರ ಮೇಲಿನಿಂದ ಆದೇಶವಾಗಿ ಬರುತ್ತಿತ್ತು. ಜಮಖಂಡಿಯಲ್ಲಿ ಕಾರ್ಯಕ್ರಮ ಇಟ್ಟರೆಂದರೆ ಮುಗಿಯಿತು. ಹೊಲದ ಕೆಲಸ, ಮನೆಯ ಕೆಲಸ ಬಿಡಿಸಿ ಹೆಂಗಸರನ್ನು ಕರೆತರುವುದು ನಮ್ಮ ಪಾಲು, ಭಾಷಣ ಅವರ ಪಾಲು.

ಆ ಸಲ ಪೂರ್ಣಕುಂಭದ ಸ್ವಾಗತವೂ ಬೇಕೆಂದರು. ನಮ್ಮ ಉಳಿತಾಯ ಸಂಘದವರು ಒಂದೇ ಬಣ್ಣದ ಸೀರೆ ಉಟ್ಟು, ಕೊಡ ಹಿಡಿದು ಟೆಂಪೋ ಹತ್ತಿದರು. ನನ್ನ ಅತ್ತೆಯೂ ಬಂದಿದ್ದಳು. ಸಂಘ ಕಟ್ಟಿದವಳು ನಾನು. ಇವರ ಗಂಡಂದಿರ ಕೈಲಿ ಬೈಸಿಕೊಂಡು ಇವರನ್ನು ಹೊಸ್ತಿಲು ದಾಟಿಸಿದ್ದೆ. ಹಾಗಾಗಿ ನಾನೂ ಒಂದು ಕೊಡ ಹಿಡಿದು ಸಾಲಿನ ಮುಂದೆ ನಿಂತೆ.

ಮೇಲ್ವಿಚಾರಕಿ ಮೇಡಮ್ ಬಂದು ಮೆಲ್ಲಗೆ ನನ್ನ ತೋಳು ಹಿಡಿದರು. ಕೆಟ್ಟವರಲ್ಲ ಅವರು.

"ನೀವು ಹಿಂದ ನಿಂದರ್ರಿ. ಕುಂಭಕ್ಕ ಮುತ್ತೈದೇರಷ್ಟ ಬೇಕಂತ ಮೇಲಿಂದ ಹೇಳ್ಯಾರ. ತಪ್ಪು ತಿಳಕೋಬ್ಯಾಡ್ರಿ."

ಅವರ ಬೆನ್ನ ಹಿಂದೆ ಮಹಿಳಾ ಸಬಲೀಕರಣ ಸಮಾವೇಶದ ಬ್ಯಾನರು. ಬೆಳಿಗ್ಗೆ ಸ್ಟೂಲು ಹತ್ತಿ ಅದನ್ನು ಕಟ್ಟಿದವಳು ನಾನೇ. ಕಟ್ಟುವುದಕ್ಕೆ ಮುತ್ತೈದೆ ಬೇಕಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಸತ್ತಾಂವ ನನ್ನ ಗಂಡರಿ ಮೇಡಮ್, ನಾ ಅಲ್ಲ," ಎಂದೆ.

ಅಂದ ಮೇಲೆ ಅತ್ತೆ ಪಕ್ಕದಲ್ಲೇ ಇದ್ದದ್ದು ನೆನಪಾಯಿತು. ಸತ್ತವನು ಅವಳ ಮಗ. ಮೇಡಮ್ ನನ್ನ ಕೊಡ ಇಸಿದುಕೊಳ್ಳಲು ಕೈ ಹಾಕಿದರು, ನಾನು ಬಿಡಲಿಲ್ಲ. ನೀರು ತುಳುಕಿ ಇಬ್ಬರ ಸೀರೆಯೂ ತೊಯ್ದಿತು.

ಆಗ ಅತ್ತೆ ತನ್ನ ಕೊಡವನ್ನು ನೆಲಕ್ಕಿಟ್ಟಳು. ಮಾವ ಇನ್ನೂ ಇದ್ದರು, ಅವಳನ್ನು ಯಾರೂ ಹಿಂದೆ ಸರಿ ಎಂದಿರಲಿಲ್ಲ.

"ಅಕಿ ಗಂಡ ಅಂದ್ರ ನನ್ನ ಮಗಾನ ಹೌದಲ್ಲರಿ. ಅಕಿಗೆ ಇಲ್ಲದ ಕುಂಭ ನನಗ್ಯಾಕ ಬೇಕ್ರಿ?"

ಅವಳ ಪಕ್ಕದವಳು ಇಟ್ಟಳು. ಅವಳ ಹಿಂದಿನವಳೂ ಇಟ್ಟಳು. ಅಷ್ಟರಲ್ಲಿ ಅತಿಥಿಗಳ ಕಾರು ಬಂತು. ರಸ್ತೆಯ ಪಕ್ಕ ಕೊಡಗಳ ಸಾಲು, ಎತ್ತುವವರು ಯಾರೂ ಇಲ್ಲ. ಮೇಡಮ್ ಬೆವತುಹೋದರು. ಆತು, ಎಲ್ಲಾರೂ ಎತ್ತಿಕೊಳ್ಳಿ, ಟೀಚರೂ ಮುಂದೆ ಇರಲಿ ಎಂದು ಕೈ ಮುಗಿದರು.

ನಾನು ತಲೆಯ ಮೇಲೆ ಕೊಡ ಇಟ್ಟುಕೊಂಡು ಎಲ್ಲರಿಗಿಂತ ಮುಂದೆ ನಡೆದೆ. ಅತಿಥಿಗಳು ಯಾರ ಮುಖವನ್ನೂ ನೋಡದೆ ದಾಟಿಹೋದರು. ವೇದಿಕೆ ಹತ್ತಿ, ಹೆಂಗಸರಿಗೆ ಸರ್ಕಾರ ಎಷ್ಟು ಶಕ್ತಿ ಕೊಟ್ಟಿದೆ ಎಂದು ಬಹಳ ಹೊತ್ತು ಮಾತಾಡಿದರು. ಅತ್ತೆ ನನ್ನ ತೊಯ್ದ ಸೆರಗನ್ನು ಹಿಂಡುತ್ತ ಕೂತಿದ್ದಳು.

ಮುಂದಿನ ಕಾರ್ಯಕ್ರಮಕ್ಕೂ ಕುಂಭ ಬೇಕೆಂದು ಆದೇಶ ಬಂತು. ಮನೆಮನೆಗೆ ಹೋಗಿ ಹೇಳಿಬಂದೆ. ಆ ಬೆಳಿಗ್ಗೆ ಟೆಂಪೋ ಹತ್ತಿರ ಹೋಗಿ ನೋಡಿದರೆ, ಊರಿನ ವಿಧವೆಯರೆಲ್ಲ ಕೊಡ ಬೆಳಗಿಕೊಂಡು ಬಂದು ನಿಂತಿದ್ದರು.