ಎರಡು ಗೋಡೆ ದಾಟಿದ ಕಾರ್ಡು

ನಮ್ಮ ಬೆಟಗೇರಿಯ ನೇಕಾರರ ಮನೆಗಳಲ್ಲಿ ಸೀರೆಯ ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗೆ ಯಾರೂ ಆರಿಸುವುದಿಲ್ಲ. ಹಿತ್ತಲಿಗೆ ಒಯ್ದು ಬಿಸಿಲಿನಲ್ಲೇ ನೋಡಬೇಕು. ಮುಂಡರಗಿಯಲ್ಲಿರುವ ನನ್ನ ಅಕ್ಕ ಕಾಲು ಮುರಿದುಕೊಂಡು ಮಲಗಿದ್ದಳು. ಮಗಳ ಮದುವೆಯ ಸೀರೆಯನ್ನು ವಿಡಿಯೋದಲ್ಲೇ ನೋಡಬೇಕಾಗಿತ್ತು. ನನ್ನ ಹಳೆಯ ಮೊಬೈಲಿನಲ್ಲಿ ಕೆಂಪೂ ಕೇಸರಿಯೂ ಒಂದೇ. ಅದಕ್ಕೆಂದೇ ಕೊಂಡ ಹೊಸ ಲ್ಯಾಪ್‌ಟಾಪ್ ಹಿಡಿದು ಹಿತ್ತಲಿಗೆ ಹೋದರೆ ಚಿತ್ರ ನಿಂತೇ ಹೋಯಿತು. ವೈಫೈ ಡಬ್ಬಿ ಇರುವುದು ಪಡಸಾಲೆಯಲ್ಲಿ. ನಡುವೆ ಮೊಳ ದಪ್ಪದ ಎರಡು ಮಣ್ಣಿನ ಗೋಡೆ.

“ಏನೂ ಕಾಣವಲ್ದು. ನಾಳೆನೂ ಹಿಂಗ ಆದ್ರ ಅಂಗಡಿ ಸೀರಿ ತರತೀವಿ ನೋಡು,” ಎಂದಳು ಅಕ್ಕ.

ಮೈ ಉರಿಯಿತು. ನಮ್ಮ ಮನೆಯಲ್ಲಿ ಮಗ್ಗ ಇರುವಾಗ ನಮ್ಮ ಹುಡುಗಿ ಅಂಗಡಿ ಸೀರೆ ಉಟ್ಟು ಹಸೆಗೇರುವುದೇ?

ಗದಗಿನ ಅಂಗಡಿಯವನು ಲ್ಯಾಪ್‌ಟಾಪಿಗೆ ಹೊರಗಿನಿಂದ ಸಿಕ್ಕಿಸುವ ಎರಡು ವೈಫೈ ಕಾರ್ಡು ಮುಂದಿಟ್ಟ. ಒಂದು ಉಗುರಿನಷ್ಟು, ನುಣ್ಣಗೆ ಹೊಳೆಯುತ್ತಿತ್ತು. ಇನ್ನೊಂದಕ್ಕೆ ಉದ್ದನೆಯ ಎರಡು ಆಂಟೆನಾ. ನೂಲು ಕೊಳ್ಳುವ ಚಾಳಿ ಎಲ್ಲಿ ಬಿಡುತ್ತದೆ? ಎರಡನ್ನೂ ಬೆರಳಿನಲ್ಲಿ ಉಜ್ಜಿ ನೋಡಿ, ನುಣುಪಾದದ್ದನ್ನೇ ಎತ್ತಿಕೊಂಡೆ.

ಅವನು ನಕ್ಕ. “ಅಕ್ಕಾರ, ಉಜ್ಜಿ ನೋಡಾಕ ಇದೇನ್ ರೇಷ್ಮಿ ಏನ್ರಿ? ಡಬ್ಬಿ ಎಲ್ಲೈತಿ, ನೀವ್ ಎಲ್ಲಿ ಕುಂಡ್ರತೀರಿ, ಅದನ್ನ ಹೇಳ್ರಿ.”

ಗೋಡೆಗಳ ಕಥೆ ಹೇಳಿದೆ.

“ಹಂಗಾದ್ರ ಆಂಟೆನಾದ್ದ ಒಯ್ರಿ. ಸಣ್ಣದು ಹತ್ರ ಇದ್ರ ಅಷ್ಟ ಓಡ್ತೈತಿ.”

ಮನೆಯಲ್ಲಿ ಅದನ್ನು ಸಿಕ್ಕಿಸಿದ್ದೇ ತಡ, ನಮ್ಮ ಯಜಮಾನರು, “ಲ್ಯಾಪ್‌ಟಾಪಿಗೆ ಕೋಡು ಬಂದಾವ, ಹಾದೀತು ಹುಷಾರು!” ಎಂದು ಕಿಚಾಯಿಸಿದರು. ಮೊದಲು ನಿಮಗೇ ಹಾಯಲಿ ಎಂದೆ.

ಮರುದಿನ ಮಧ್ಯಾಹ್ನ ಹಿತ್ತಲಿನಿಂದ ಕರೆ ಮಾಡಿದರೆ, ಅಬ್ಬಬ್ಬಾ, ಅಕ್ಕನ ಮೂಗುತಿಯ ಹರಳೂ ಕಾಣಿಸಿತು! ಖುಷಿಗೆ ಕೂಗಿಯೇಬಿಟ್ಟೆ. ಒಂದೊಂದೇ ಸೀರೆ ಬಿಡಿಸಿ ಬಿಸಿಲಿಗೆ ಹಿಡಿದೆ. ಹಸಿರು ಬೇಡ, ಕೆಂಪು ಬೇಡ, ಅರಿಶಿನದ್ದಂತೂ ಬೇಡವೇ ಬೇಡ. ಆಮೇಲೆ ಅಕ್ಕ ಕತ್ತು ಚಾಚಿ ನನ್ನ ಬೆನ್ನ ಹಿಂದೆ ನೋಡತೊಡಗಿದಳು.

“ಅಲ್ಲಿ ಹೊರಸಿನ ಮ್ಯಾಲ ಹಾಸೀಯಲ್ಲ, ಅದ್ಯಾವ್ದು?”

ತಿರುಗಿ ಆ ಮಂಚದತ್ತ ನೋಡಿದೆ. ಅದೇ ಮದುವೆಯಲ್ಲಿ ಉಡಬೇಕೆಂದು ನನಗಾಗಿಯೇ ನೇಯ್ದುಕೊಂಡ ಸೀರೆ; ಆ ಬೆಳಿಗ್ಗೆಯಷ್ಟೇ ಮಗ್ಗದಿಂದ ಇಳಿದಿತ್ತು.

“ಅದು ನಂದು.”

“ಖರೇನ ಚಲೋ ಐತಿ. ಅಂಚಿನ ಎಳಿ ಎಳಿ ಕಾಣಾಕತ್ತೈತಿ. ಅದನ್ನ ಮಡಚಿ ಇಡು.”

ಆ ಆಂಟೆನಾಗಳನ್ನು ಕಿತ್ತೆಸೆಯಬೇಕೆನಿಸಿತು. ಅಷ್ಟರಲ್ಲಿ ಮದುಮಗಳು ಅಕ್ಕನ ಹಿಂದಿನಿಂದ ಹಣಕಿ, “ಚಿಗವ್ವಾ, ಕೊಡತೀ ಏನ?” ಎಂದಳು. ಆ ಮುಖವೂ ಅಷ್ಟೇ ಸ್ವಚ್ಛವಾಗಿ ಕಾಣುತ್ತಿತ್ತು.

“ತಗೋ ನನ್ನವ್ವ,” ಎಂದು ಸೀರೆ ಮಡಚಿದೆ.