ಬಾಪ್ಪು ತೆಗೆದ ಮೇಣದಬತ್ತಿ ಪಟಗಳು

ಆಗಷ್ಟೇ ಆರಿದ ಮೇಣದಬತ್ತಿಯ ವಾಸನೆ ನಿಮಗೂ ಗೊತ್ತಿರಬಹುದು. ಉರಿಯುವಾಗ ಇಲ್ಲದ, ಆರಿದ ಮೇಲೆ ಒಂದು ಗಳಿಗೆ ಮಾತ್ರ ಸುಳಿದಾಡಿ ಹೋಗುವ ಸುಟ್ಟ ಬತ್ತಿಯ ಕಟು ವಾಸನೆ ಅದು. ಇಗರ್ಜಿಯಲ್ಲಿ ಪೂಜೆ ಮುಗಿದು ಬತ್ತಿಗಳನ್ನು ಆರಿಸುವಾಗ ಅದು ಮೂಗಿಗೆ ತಾಗಿದರೆ ಸಾಕು, ನನ್ನ ಸುತ್ತ ನಿಂತ ಜನರೆಲ್ಲ ಮಸುಕಾಗಿ, ಬಿಜೈಯ ನಮ್ಮ ಹಂಚಿನ ಮನೆಯ ಹಿಂದಿನ ಕೋಣೆ ಕಣ್ಣ ಮುಂದೆ ಬರುತ್ತದೆ. ಈಗ ಆ ಮನೆಯೂ ಇಲ್ಲ, ಅದರೊಳಗೆ ಓಡಾಡಿದವರೂ ಇಲ್ಲ. ನಿಮಗೂ ಅಂಥದೊಂದು ಮನೆ ಇದ್ದಿರುತ್ತದೆ.

ಐವತ್ತರ ದಶಕ ಅರ್ಧ ದಾಟಿತ್ತು. ಅಪ್ಪ ಅಮ್ಮ ಬೊಂಬಾಯಿಯಲ್ಲಿದ್ದರು. ನಾನು ಬೆಳೆದದ್ದು ಅಜ್ಜಿಯ ಬಳಿ. ಅವಳನ್ನು ನಾನು ಕರೆಯುತ್ತಿದ್ದುದು ವ್ಹಡ್ಲಿಮಾಂಯ್ ಎಂದು. ಅದೇ ಮನೆಯಲ್ಲಿ ಅಪ್ಪನ ತಮ್ಮ ಗ್ರೆಗರಿ ಬಾಪ್ಪು ಮತ್ತು ಅವನ ಹೆಂಡತಿ ಸೆವ್ರಿನ್ ಮಾವ್ಶಿ ಇದ್ದರು. ಅವರಿಗೆ ಮಕ್ಕಳಿರಲಿಲ್ಲ. ನನ್ನ ತಲೆ ಬಾಚಿ ಹೆಣೆಯುತ್ತಿದ್ದವಳು, ಗುಡುಗಿದಾಗ ನನ್ನನ್ನು ಮಗ್ಗುಲಿಗೆ ಎಳೆದುಕೊಳ್ಳುತ್ತಿದ್ದವಳು ಮಾವ್ಶಿಯೇ. ಬಾಪ್ಪುವಿಗೆ ಕಂಕನಾಡಿಯಲ್ಲಿ ಚಿಕ್ಕ ಸ್ಟುಡಿಯೋ ಇತ್ತು. ಮದುವೆಯ ಪಟ ತೆಗೆಯುತ್ತಿದ್ದ, ಸತ್ತವರ ಪಟವನ್ನೂ ತೆಗೆಯುತ್ತಿದ್ದ. ಶವವನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಮನೆಯವರೆಲ್ಲ ಸುತ್ತ ನಿಂತು ಪಟ ತೆಗೆಸಿಕೊಳ್ಳುವುದು ಆಗ ನಮ್ಮವರಲ್ಲಿ ವಾಡಿಕೆ. ಅಳುವವರನ್ನು ಮೆಲ್ಲಗೆ ಸುಮ್ಮನಾಗಿಸಿ, ಅಲುಗದಂತೆ ನಿಲ್ಲಿಸುವುದರಲ್ಲಿ ಬಾಪ್ಪು ಹೆಸರಾಗಿದ್ದ.

ಒಂದು ಮಳೆಗಾಲ ಮಾವ್ಶಿ ಜ್ವರ ಬಂದು ತೀರಿಹೋದಳು. ಆಮೇಲೆ ಬಾಪ್ಪು ಸ್ಟುಡಿಯೋಗೆ ಹೋಗುವುದು ಕಡಿಮೆಯಾಯಿತು. ಮರುವರ್ಷದ ಬೇಸಿಗೆ ರಜೆಯಲ್ಲಿ ಅವನು ಸ್ಟುಡಿಯೋದ ದೊಡ್ಡ ಕ್ಯಾಮರಾವನ್ನು ಮನೆಗೆ ಹೊರಿಸಿ ತಂದು ಹಿಂದಿನ ಕೋಣೆಯಲ್ಲಿ ನಿಲ್ಲಿಸಿದ. ಅದು ಅವರಿಬ್ಬರು ಮಲಗುತ್ತಿದ್ದ ಕೋಣೆ. ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟು ಅದರ ಪಟ ತೆಗೆಯತೊಡಗಿದ.

ಕಡಲಿನ ಗಾಳಿ ಏಳುವ ಮೊದಲೇ, ಬೆಳಿಗ್ಗೆ, ಕೆಲಸ ಶುರುವಾಗುತ್ತಿತ್ತು. ಕಿಟಕಿಯ ಸಂದುಗಳಿಗೆಲ್ಲ ಅವನು ಕಾಗದ ಅಂಟಿಸಿದ್ದ. ಹಂಚಿನ ಎಡೆಯಿಂದ ಗಾಳಿ ಇಳಿಯದಂತೆ ಮೇಲೆ ಬಟ್ಟೆ ಕಟ್ಟಿದ್ದ. ಮೊದಲ ಪಟಗಳಲ್ಲಿ ಬತ್ತಿ ನಟ್ಟ ನಡುವೆ ನಿಂತಿತ್ತು. ಜ್ವಾಲೆ ಬರೀ ಬಿಳಿ ಕಲೆಯಾಗಿ, ಮೇಣ ಕತ್ತಲಲ್ಲಿ ಮುಳುಗಿಹೋಗಿತ್ತು. ಆಮೇಲೆ ಅವನು ಬತ್ತಿಯನ್ನು ಒಂದು ಬದಿಗೆ ಸರಿಸಿದ. ಎತ್ತರ ತಗ್ಗಿನ ಮೂರು ಬತ್ತಿಗಳನ್ನಿಟ್ಟ. ಹಿಂದೆ ಕಪ್ಪು ಶಾಲು ತೂಗುಹಾಕಿದ. ಕಿಟಕಿಯ ಮೇಲಿನ ಒಂದು ಗಾಜನ್ನಷ್ಟೇ ಮುಚ್ಚದೆ ಬಿಟ್ಟು, ಮೇಣದ ಮೈಗೆ ತೆಳ್ಳಗೆ ಬೆಳಕು ಬೀಳುವಂತೆ ಮಾಡಿದ. ಪಟದಿಂದ ಪಟಕ್ಕೆ ಚಂದ ಹೆಚ್ಚುತ್ತ ಹೋಯಿತು. ಇಳಿದು ಗಟ್ಟಿಯಾದ ಮೇಣದ ಹನಿಗಳು ಬೆರಳಿಗೆ ಸಿಗುವಂತೆ ಕಾಣತೊಡಗಿದವು.

ನಾನು ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಒಂದು ದಿನ ಬಾಪ್ಪು, "ಮೇಜು ಖಾಲಿ ಕಾಣ್ತದೆ," ಎಂದು ಮಾವ್ಶಿಯ ಬಾಚಣಿಗೆ ತಂದಿಟ್ಟ. ಮರುದಿನ ಅವಳ ಜಪಮಾಲೆ ಬಂತು. ಆಮೇಲೆ ಅವಳ ಪಿಂಗಾಣಿ ಕಪ್ಪು, ಅದರಲ್ಲಿ ಅರ್ಧ ಚಹಾ. ಕೊನೆಗೆ ಮೇಜಿನ ಪಕ್ಕಕ್ಕೆ ಅವಳ ಕುರ್ಚಿಯನ್ನು ತುಸು ಓರೆಯಾಗಿ ಎಳೆದಿಟ್ಟ. ಯಾರೋ ಈಗಷ್ಟೇ ಎದ್ದು ಹೋಗಿದ್ದಾರೆ, ಚಹಾ ಆರುವ ಮೊದಲು ಬಂದುಬಿಡುತ್ತಾರೆ ಎಂಬಂತಿತ್ತು. ಪಟ ಎಷ್ಟು ಒಳ್ಳೆಯದಾಯಿತೋ ಆ ಕೋಣೆಯಲ್ಲಿ ಕೂರುವುದು ನನಗೆ ಅಷ್ಟೇ ಕಷ್ಟವಾಯಿತು. ವ್ಹಡ್ಲಿಮಾಂಯ್ ಬಾಗಿಲ ಹೊರಗೇ ನಿಂತು, "ಗ್ರೆಗರಿ, ನೀನು ಎಂತ ಮಾಡುದು? ಸತ್ತವಳಿಗೆ ಚಹಾ ಇಡ್ಲಿಕ್ಕೆ ಉಂಟಾ?" ಎಂದಳು. ಬಾಪ್ಪು ಕ್ಯಾಮರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ.

ಅವನಿಗೆ ಇನ್ನೂ ಒಂದು ಕೊರತೆ ಕಾಣುತ್ತಿತ್ತು. ಜ್ವಾಲೆಗಳು ತೀರಾ ನೆಟ್ಟಗಿದ್ದವು. "ಬರೆದಿಟ್ಟ ಹಾಗೆ ಉಂಟು, ಜೀವ ಇಲ್ಲ," ಎಂದ. "ಐರಿನ್, ಆ ಕುರ್ಚಿಯ ಹತ್ತಿರ ಕೆಳಗೆ ಕೂತ್ಕೋ. ನಾನು ಹೇಳಿದಾಗ ಮೆಲ್ಲ ಉಸಿರು ಬಿಡು. ಊದ್ಬೇಡ."

ನಾನು ಕುರ್ಚಿಯ ಕಾಲಿನ ಬಳಿ, ಪಟದಲ್ಲಿ ಕಾಣದ ಹಾಗೆ ಕೂತೆ. ಬಾಪ್ಪು ಹೇಳಿದ. ನಾನು ಉಸಿರು ಬಿಟ್ಟೆ. ಹತ್ತಿರದ ಬತ್ತಿಯ ಜ್ವಾಲೆ ಅಲುಗಿತು. ಆದರೆ ಅದು ನನ್ನಿಂದ ಆಚೆಗೆ ವಾಲಲಿಲ್ಲ. ಮೆಲ್ಲಗೆ ನನ್ನ ಕಡೆಗೆ ಬಾಗಿತು. ಬಾಗಿ ಹಾಗೆಯೇ ನಿಂತಿತು. ಉಳಿದೆರಡು ಅಲುಗಲೇ ಇಲ್ಲ. ನನ್ನ ಉಸಿರು ಮುಗಿದ ಮೇಲೂ ಅದು ಬಾಗಿಯೇ ಇತ್ತು. ನನ್ನ ನೆತ್ತಿಯ ಮೇಲೆ, ಬೈತಲೆಯ ಗೆರೆಯಲ್ಲಿ, ತಣ್ಣಗೆ ಏನೋ ಹಾದುಹೋದಂತಾಯಿತು.

ಸಂಜೆಗೆ ಬಾಪ್ಪು ಪಟ ಮೂಡಿದ ಗಾಜಿನ ಪ್ಲೇಟನ್ನು ತೊಳೆದು ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. "ಕಿಟಕಿಯ ಸಂದಿನ ಗಾಳಿ," ಎಂದ. ಸಂದುಗಳಿಗೆ ಕಾಗದ ಅಂಟಿಸಿದವನು ಅವನೇ. ಅಜ್ಜಿ ಪ್ಲೇಟು ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು, ಅಷ್ಟೆ.

ಅಂದು ಶುರುವಾದ ನನ್ನ ಜ್ವರ ಬಹುಕಾಲ ಬಿಡಲಿಲ್ಲ. ಅದು ಮಾವ್ಶಿಗೆ ಬಂದಂಥದೇ ಜ್ವರ ಎಂದು ಡಾಕ್ಟರರು ಹೇಳಿದರಂತೆ. "ಅವಳು ಮಗುವನ್ನು ಕೇಳ್ತಾ ಇದ್ದಾಳೆ. ನೀನು ಕುರ್ಚಿ ಹಾಕಿ ಕರೆದದ್ದು," ಎಂದು ಅಜ್ಜಿ ಮಗನಿಗೆ ಹೇಳಿದ್ದು ನನ್ನ ಅರೆನಿದ್ದೆಯಲ್ಲಿ ಕೇಳಿಸಿತು. ಬಾಪ್ಪು ಆ ದಿನವೇ ಕೋಣೆಯ ಕಾಗದಗಳನ್ನೆಲ್ಲ ಕಿತ್ತು ಕಿಟಕಿ ತೆರೆದ. ಮೇಣದಬತ್ತಿಯ ಪ್ಲೇಟುಗಳನ್ನು ಒಂದೂ ಉಳಿಸದೆ ಬಿಸಿನೀರಿನಲ್ಲಿ ಹಾಕಿ ಉಜ್ಜಿದ. ಉಳಿದದ್ದು ಬರೀ ಗಾಜು. ಅಜ್ಜಿ ಅದಕ್ಕೆ ಸಂತರ ಚಿತ್ರಗಳನ್ನು ಹಾಕಿಸಿ ಗೋಡೆಗೆ ತೂಗಿದಳು.

ಜ್ವರ ಇಳಿಯುತ್ತಿದ್ದಾಗ ಬಾಪ್ಪು ನನ್ನ ಮಂಚದ ಬಳಿ ಕೂತು ಮಾತಾಡಿದ. "ಅವಳು ಹೋಗುವಾಗ ನಾನು ತೊಕ್ಕೊಟ್ಟಿನ ಕಡೆ ಒಂದು ಸಾವಿನ ಮನೆಯಲ್ಲಿ ಪಟ ತೆಗೀತಾ ಇದ್ದೆ. ನದಿ ತುಂಬಿತ್ತು, ದೋಣಿ ಸಿಗ್ಲಿಲ್ಲ. ಕಡೇ ಗಳಿಗೆಗೆ ಕೊಡುವ ಬತ್ತಿಯನ್ನು ವ್ಹಡ್ಲಿಮಾಂಯ್ ಹಚ್ಚಿ ಅವಳ ಕೈಗೆ ಕೊಟ್ಟಿದ್ರಂತೆ. ಆ ಬೆಳಕಲ್ಲಿ ಅವಳ ಮುಖ ಹೇಗಿತ್ತೋ, ನಾನು ನೋಡ್ಲಿಲ್ಲ." ನನ್ನ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸಿದ.

ಆಮೇಲೆ ಅವನು ಸತ್ತವರ ಪಟ ತೆಗೆಯಲಿಲ್ಲ. ಇನ್ನೊಂದು ಮದುವೆಯೂ ಆಗಲಿಲ್ಲ. ಅರವತ್ತರ ದಶಕದಲ್ಲಿ ಸ್ಟುಡಿಯೋ ಮಾರಿ ಕುವೈತಿಗೆ ಹೊರಟ. ನಾನಾಗ ಕಾಲೇಜಿನಲ್ಲಿದ್ದೆ. ಹೊರಡುವ ದಿನ ಮಧ್ಯಾಹ್ನ ಜಗಲಿಯಲ್ಲಿ ಅವನ ಜೊತೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ ಕೇಳಿದೆ, ಅಂದು ಗಾಳಿ ನಿಜವಾಗಿಯೂ ಇತ್ತೇ ಎಂದು.

"ಇರ್ಲಿಲ್ಲ," ಎಂದ ಬಾಪ್ಪು. ಗಂಟು ಹಾಕುವುದನ್ನು ನಿಲ್ಲಿಸಿ ಅಂಗಳ ನೋಡಿದ. "ನಿನ್ನ ಕಡೆಗೆ ಬಾಗಿತ್ತು, ಅಲ್ವಾ? ಕ್ಯಾಮರಾದ ಈಚೆ ಬದಿಯಲ್ಲಿ ನಾನೂ ನಿಂತಿದ್ದೆ, ಮಾರಾಯ್ತಿ. ಅಷ್ಟು ದಿನ ನಿಂತಿದ್ದೆ."

ಅವನು ಊರಿಗೆ ಮರಳಲಿಲ್ಲ. ಅಲ್ಲೇ ಒಂದು ಬೇಸಿಗೆಯಲ್ಲಿ ತೀರಿಕೊಂಡ, ಅಲ್ಲಿಯ ಮಣ್ಣಿಗೇ ಸೇರಿದ. ವ್ಹಡ್ಲಿಮಾಂಯ್ ಮಗನ ಸುದ್ದಿ ಕೇಳಿ ವರ್ಷ ತುಂಬುವ ಮೊದಲೇ ಹೋದಳು. ಮನೆ ಬೇರೆಯವರ ಪಾಲಾಗಿ, ನೆಲಸಮವಾಗಿ, ಅದರ ಮೇಲೆ ಮಹಡಿಗಳು ಎದ್ದವು. ಕೊನೆಯ ಗಳಿಗೆಯಲ್ಲಿ ಬಾಪ್ಪುವಿನ ಬಳಿ ಯಾರಿದ್ದರು ಎಂದು ವಿಚಾರಿಸಿದೆವು. ಕೋಣೆಯಲ್ಲಿ ಅವನೊಬ್ಬನೇ ಇದ್ದ ಎಂದು ಅಲ್ಲಿಂದ ಬಂದವರು ಹೇಳಿದರು. ನಾನು ಅದನ್ನು ನಂಬಿಲ್ಲ.